2147483647 ಅವಿಭಾಜ್ಯ ಅಂತ ಕಂಪ್ಯೂಟರ್ ಇಲ್ಲದೆ ಹೇಗೆ ಗೊತ್ತಾಯಿತು? ಕಂಪ್ಯೂಟರಿನಲ್ಲಿ ಸಾಮಾನ್ಯ ಪೂರ್ಣಾಂಕದ ಮಿತಿಯೂ ಇದೇ ಆಗಿರೋದು ಕಾಕತಾಳೀಯವೇ?

ಎರಡನೆಯದಕ್ಕೆ ಉತ್ತರ ಚಿಕ್ಕದು, ಹೌದು. ಸ್ವಾರಸ್ಯ ಇರೋದು ಮೊದಲನೆಯದರಲ್ಲಿ.

ಈ ಸಂಖ್ಯೆ 2ರ 31ನೇ ಘಾತಕ್ಕಿಂತ ಒಂದು ಕಡಿಮೆ. ಇದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲಿ ತಿಳಿಸಿದರು. ಸುಮ್ನೆ ಭಾಗಿಸುತ್ತಾ ಹೋಗೋದಾದರೆ ವರ್ಗಮೂಲದವರೆಗೆ, ಅಂದರೆ 46340ರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ನೋಡಬೇಕು. ಅವು ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ. ಕೈಯಲ್ಲಿ ಮಾಡೋ ಕೆಲಸ ಅಲ್ಲ.

ಆದರೆ ಈ ಸಂಖ್ಯೆಯ ಆಕಾರವೇ ನಮಗೆ ಸಹಾಯ ಮಾಡುತ್ತದೆ. 'ಪ' ಅನ್ನುವ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಆಗ 2ರ 31ನೇ ಘಾತವನ್ನು 'ಪ'ದಿಂದ ಭಾಗಿಸಿದರೆ ಶೇಷ 1. 31 ತಾನೇ ಅವಿಭಾಜ್ಯ. ಹಾಗಾಗಿ 2ರ ಘಾತಗಳಲ್ಲಿ ಶೇಷ 1 ಬರೋದು ಘಾತ 31ರ ಮಗ್ಗಿಯಲ್ಲಿದ್ದಾಗ ಮಾತ್ರ. ಇತ್ತ ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ 2ರ (ಪ−1)ನೇ ಘಾತಕ್ಕೂ ಶೇಷ 1. ಅಂದಮೇಲೆ ಪ−1 ಕೂಡ 31ರ ಮಗ್ಗಿಯಲ್ಲಿರಬೇಕು, ಅಲ್ವಾ? 'ಪ' ಬೆಸ ಸಂಖ್ಯೆ ಆದ್ದರಿಂದ ಪ−1 ಸಮ. ಹಾಗಾಗಿ ಅದು 62ರಿಂದ ಭಾಗವಾಗುತ್ತದೆ.

ಇನ್ನೂ ಒಂದು ಕಟ್ಟುಪಾಡು ಇದೆ. 2ರ 32ನೇ ಘಾತಕ್ಕೆ ಶೇಷ 2. ಅದು 2ರ 16ನೇ ಘಾತದ ವರ್ಗ. ಹೀಗೆ 2 ಅನ್ನೋದು ಒಂದು ವರ್ಗದ ಶೇಷವಾಗಿ ಬಂದರೆ, 'ಪ'ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಲೇಬೇಕು. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಅವಿಭಾಜ್ಯಗಳು ಮಾತ್ರ ಕಣದಲ್ಲಿರುತ್ತವೆ. ಮೊದಲನೆಯದು 311. ಭಾಗಿಸಿದರೆ ಶೇಷ 35, ಆಗಲಿಲ್ಲ. ಮುಂದಿನದು ಒಮ್ಮೆಲೇ 1303! 46340ರ ಒಳಗೆ ಈ ಆಕಾರದ ಸಂಖ್ಯೆಗಳು, ಅವಿಭಾಜ್ಯ ಅಲ್ಲದವನ್ನೂ ಸೇರಿಸಿ, 370 ಚಿಲ್ಲರೆ ಅಷ್ಟೇ. ತಾಳ್ಮೆ ಇದ್ದವರಿಗೆ ಇದು ಆಗೋ ಕೆಲಸ.

ಕಂಪ್ಯೂಟರ್ ವಿಷಯಕ್ಕೆ ಬಂದರೆ, ಪೂರ್ಣಾಂಕವನ್ನು ಇಡುವ 32 ಬಿಟ್‌ಗಳಲ್ಲಿ (0 ಅಥವಾ 1 ಕೂರುವ ಮನೆಗಳಲ್ಲಿ) ಒಂದು ಧನವೋ ಋಣವೋ ಅಂತ ಹೇಳಲು ಹೋಗುತ್ತದೆ. ಉಳಿದ 31ರಲ್ಲೂ 1 ತುಂಬಿದರೆ ಇದೇ ಸಂಖ್ಯೆ. ಅವಿಭಾಜ್ಯ ಆಗಿರೋದು ಅದೃಷ್ಟ. 16 ಬಿಟ್ಟಿನ ಮಿತಿ 32767, 64 ಬಿಟ್ಟಿನ ಮಿತಿ 2ರ 63ನೇ ಘಾತಕ್ಕೆ ಒಂದು ಕಡಿಮೆ. ಎರಡೂ 7ರಿಂದ ಭಾಗವಾಗುತ್ತವೆ. ಆದರೂ ಈ ಅದೃಷ್ಟವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. 1ರಿಂದ ಶುರುಮಾಡಿ, ಪ್ರತಿ ಸಲ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. 2147483646ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದು ಸಲ ಬಂದಮೇಲೆಯೇ 1 ಮತ್ತೆ ಬರೋದು. ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಹಳೆಯ ವಿಧಾನ ಇದು.

ಅವಿಭಾಜ್ಯವಾದ 31ನ್ನು ಘಾತ ಮಾಡಿದಾಗ ಅವಿಭಾಜ್ಯ ಬಂತು, ಹಾಗಂತ 2ರ 2147483647ನೇ ಘಾತದಿಂದ ಒಂದು ಕಳೆದರೆ ಇನ್ನೊಂದು ಅವಿಭಾಜ್ಯ ಸಿಗುತ್ತದೆ ಅಂದುಕೊಳ್ಳಬೇಡಿ. ಅದನ್ನು 295257526626031 ಭಾಗಿಸುತ್ತದೆ. ಈ ಭಾಜಕವೂ ಅದೇ ನಿಯಮಕ್ಕೆ ಬಿದ್ದಿದೆ. ಇದರಿಂದ 1 ಕಳೆದು 2147483647ರಿಂದ ಭಾಗಿಸಿ, ಶೇಷ ಉಳಿಯದೆ 137490 ಬರುತ್ತದೆ.