ಎಂಸಿಬಿ ದೊಡ್ಡದು ಮಾಡ್ಬೇಡಿ, ವೈರ್ ಬದಲಾಯಿಸಿ

ಅಣ್ಣಾ, 3 ಕಿಲೋವ್ಯಾಟ್ ಗೀಸರ್ ಹಾಕಿದ ಮೇಲೆ 10 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್) ಬೀಳ್ತಿತ್ತು, 32ರದ್ದು ಹಾಕಿಸಿದೆ, ಈಗ ಆರಾಮ ಅಂತ ಬರೆದಿದ್ದೀರಿ. ಒಳಗಿರೋದು ಹಳೇ 1.5 ಸ್ಕ್ವೇರ್ (ತಾಮ್ರದ ದಪ್ಪ, ಚದರ ಎಂಎಂ ಲೆಕ್ಕ) ವೈರೇ ತಾನೇ? ಮೊದಲು ಗೀಸರ್ ಆಫ್ ಮಾಡಿ, ಆಮೇಲೆ ಓದಿ.

ಎಂಸಿಬಿ ಇರೋದು ವೈರ್ ಕಾಯೋಕೆ. ನಮ್ಮ ಅಕ್ಕನ ಮನೇಲೂ ಯಾರೋ ಹೀಗೇ 32 ಹಾಕಿಕೊಟ್ಟಿದ್ರು. ಗೀಸರ್ ಒಂದೇ ಇದ್ದಾಗ 13 ಆಂಪಿಯರ್, ಹೇಗೋ ನಡೀತು. ಅದೇ ಲೈನಿಂದ ಇಂಡಕ್ಷನ್ ಒಲೆಗೂ ಕೊಟ್ರು, ಎರಡೂ ಸೇರಿ 20 ದಾಟ್ತು. 32 ದಾಟಿಲ್ವಲ್ಲ, ಎಂಸಿಬಿ ಮಿಸುಕಲಿಲ್ಲ. ಬೋರ್ಡ್ ಬಿಚ್ಚಿದ್ರೆ ಕೆಂಪು ವೈರ್ ಕಪ್ಪಿಟ್ಟು, ಬಗ್ಗಿಸಿದ್ರೆ ಹಪ್ಪಳದ ಹಾಗೆ ಮುರೀತಿತ್ತು. ಪೈಪಿಗೆ ಅಂಟಿಕೊಂಡು ಎಳೆಯೋಕೂ ಬರಲಿಲ್ಲ, ಗೋಡೆ ಒಡೆಸಬೇಕಾಯ್ತು.

ಗೀಸರಿಗೆ ಡಿಬಿಯಿಂದಲೇ (ಎಂಸಿಬಿಗಳೆಲ್ಲ ಇರೋ ಡಬ್ಬಿ) ಬೇರೆ ಲೈನ್ ಎಳೆಸಿ. 2.5 ಸಾಕು, ಆದ್ರೆ ನಿಮ್ಮ ಬಚ್ಚಲು 30 ಮೀಟರ್ ದೂರ ಅಂತೀರಲ್ಲ, ನಾನಾಗಿದ್ರೆ 4 ಹಾಕಿಸ್ತಿದ್ದೆ. ಅಷ್ಟು ದೂರಕ್ಕೆ 1.5ರಲ್ಲಿ ಹತ್ತು ವೋಲ್ಟ್ ದಾರೀಲೇ ಹೋಗುತ್ತೆ, 4ರಲ್ಲಿ ನಾಲ್ಕೇ. ವೈರ್ 4 ಆದ್ರೂ ಎಂಸಿಬಿ 16ರದ್ದೇ ಇರ್ಲಿ, ಪ್ಲಗ್ ಪಾಯಿಂಟ್ 16ರದ್ದಲ್ವಾ. ಫೇಸ್ (ಕರೆಂಟ್ ತರೋ ವೈರ್) ಮಾತ್ರ ದಪ್ಪ ಹಾಕಿ ನ್ಯೂಟ್ರಲನ್ನ (ವಾಪಸ್ ಒಯ್ಯೋ ವೈರ್) ಲೈಟಿನ ಲೈನಿಂದ ಕದಿಯೋರಿದ್ದಾರೆ, ಎದುರಿಗೇ ನಿಂತು ನೋಡ್ಕೊಳ್ಳಿ. ಪೈಪ್ ಒಳಗೆ ಜಾಯಿಂಟ್ ಬೇಡವೇ ಬೇಡ.

ಅಂಗಡೀಲಿ '3/20' ಅಂತ ಕೇಳ್ಬೇಡಿ. ಅದು ಹಳೇ ಗೇಜ್ ಲೆಕ್ಕ, ಬರೋದು 2 ಸ್ಕ್ವೇರ್, 2.5 ಅಲ್ಲ.

ನಾನಂತೂ ಎಳೆ ಎಣಿಸದೆ ವೈರ್ ತರಲ್ಲ. ತುದಿ ಸುಲಿದು ಬಿಡಿಸಿ ಎಣಿಸಿ: 0.3 ಎಂಎಂ ಎಳೆಯಾದ್ರೆ 1.5ಕ್ಕೆ 22, 2.5ಕ್ಕೆ 36, 4ಕ್ಕೆ 56 ಇರ್ಬೇಕು. ಕೆಲವು ಕಂಪನಿಯವರು ಇನ್ನೂ ಸಣ್ಣ ಎಳೆ ಹಾಕ್ತಾರೆ, ಆಗ ಎಣಿಕೆ ಜಾಸ್ತಿ ಬರುತ್ತೆ, ಗಾಬರಿ ಬೇಡ. ಅದಕ್ಕೂ ಸುಲಭ ತೂಕ. 90 ಮೀಟರ್ 2.5ರ ಕಾಯಿಲಲ್ಲಿ ತಾಮ್ರವೇ 2 ಕಿಲೋ ಬರುತ್ತೆ, 1.5ರಲ್ಲಿ 1.2 ಕಿಲೋ. ಪ್ಲಾಸ್ಟಿಕ್ ಸೇರಿಯೂ ಅಷ್ಟು ತೂಗದಿದ್ರೆ ಅಲ್ಲೇ ವಾಪಸ್ ಕೊಡಿ. ಫಿನೊಲೆಕ್ಸ್, ಪಾಲಿಕ್ಯಾಬ್, ಹ್ಯಾವೆಲ್ಸ್ ಯಾವುದಾದ್ರೂ ಸರಿ, ನನಗೆ ಫಿನೊಲೆಕ್ಸ್ ಇಷ್ಟ. ಐಎಸ್ 694 (ವೈರಿನ ಭಾರತೀಯ ಗುಣಮಟ್ಟದ ನಂಬರ್) ಮಾರ್ಕ್ ವೈರ್ ಮೇಲೇ ಇರ್ಬೇಕು, ಬಿಲ್ಲೂ ಬೇಕು. ನೂರಿನ್ನೂರು ಉಳಿಸೋಕೆ ಹೆಸರಿಲ್ಲದ ವೈರ್ ತರೋದು ಬಿಡಿ, ಗೋಡೆ ಒಳಗೆ ಹೋಗೋ ಸಾಮಾನು ಅದು.

ಬಚ್ಚಲಿಗೆ, ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ರೆ ಇದರ ಜೊತೇಲೇ ಹಾಕಿಸಿಬಿಡಿ. ಎಂಸಿಬಿ ಇದ್ರೂ ಶಾಕಿಂದ ಉಳಿಸಲ್ಲ.

ಮೇಲಿನ ಕಾಮೆಂಟಲ್ಲಿ ಪಂಪ್‌ಸೆಟ್ ವೈರ್ ಕೇಳಿದವರು ಈ ಲೆಕ್ಕ ಹಿಡಿಯಬೇಡಿ. ವೋಲ್ಟೇಜ್ ಇಳಿದ್ರೆ ಗೀಸರ್ ಕರೆಂಟ್ ಕಮ್ಮಿ ಎಳೆಯುತ್ತೆ, ಮೋಟಾರ್ ಜಾಸ್ತಿ ಎಳೆಯುತ್ತೆ. ಎಚ್‌ಪಿ ಎಷ್ಟು, ಮೀಟರಿಂದ ಬಾವಿಗೆ ಎಷ್ಟು ದೂರ, ಸಿಂಗಲ್ ಫೇಸಾ ತ್ರೀ ಫೇಸಾ ಬರೆಯಿರಿ, ಬೇರೆ ಹೇಳ್ತೀನಿ.