ವಾರದ ಮಾತ್ರೆ, ದಿನದ ಬಿಸಿಲು: ಹಿರಿಯರ ವಿಟಮಿನ್ ಡಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅತ್ತೆಯವರಿಗೆ 76 ವರ್ಷ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂದಿದೆ. ವೈದ್ಯರು 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ಮಾತ್ರೆಯನ್ನು ವಾರಕ್ಕೊಂದರಂತೆ 8 ವಾರ ಕೊಡಲು ಬರೆದಿದ್ದಾರೆ. ದಿನಾ ಒಂದು ಕೊಟ್ಟರೆ ಬೇಗ ಗುಣವಾಗುವುದಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ಕೊಡಬೇಡಿ. ಈ ಚಿಕಿತ್ಸೆಯಲ್ಲಿ ಮನೆಗಳಲ್ಲಿ ಆಗುವ ಅತ್ಯಂತ ಅಪಾಯದ ತಪ್ಪು ಇದೇ: ವಾರದ ಮಾತ್ರೆ ದಿನದ ಮಾತ್ರೆಯಾಗಿಬಿಡುವುದು. ದಿನಾ ಕೊಟ್ಟರೆ ಒಂದೇ ವಾರದಲ್ಲಿ 4,20,000 ಐಯು ಒಳಗೆ ಹೋಗುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗದೆ ಮೈಯಲ್ಲೇ ಶೇಖರವಾಗುತ್ತದೆ. ಹೀಗೆ ವಾರಗಟ್ಟಲೆ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕುತನ ಕಾಣಿಸಿಕೊಳ್ಳುತ್ತವೆ. ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ವಯಸ್ಸಾದವರಲ್ಲಿ ಮಂಕುತನವನ್ನು 'ಮರೆವು ಹೆಚ್ಚಾಗಿದೆ' ಎಂದುಕೊಂಡು ಸುಮ್ಮನಿದ್ದುಬಿಡುವುದುಂಟು. ಈ ಲಕ್ಷಣಗಳು ಕಂಡರೆ ಮಾತ್ರೆ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಅಳತೆಯ ಘಟಕ. ಮಿಲಿಲೀಟರಿಗೆ 11 ನ್ಯಾನೊಗ್ರಾಂ ಎಂದರೆ ಕೊರತೆಯೇ. ಸಾಮಾನ್ಯವಾಗಿ 12ಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. 20 ಮುಟ್ಟಿದರೆ ಹೆಚ್ಚಿನವರ ಮೂಳೆಗೆ ಸಾಕು. ಕೆಲವು ಪ್ರಯೋಗಾಲಯಗಳು 30ಕ್ಕಿಂತ ಕೆಳಗಿದ್ದದ್ದನ್ನೆಲ್ಲ ಕೆಂಪಕ್ಷರದಲ್ಲಿ ಅಚ್ಚುಹಾಕುತ್ತವೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಕೆಲವು ಕಡೆ ಲೀಟರಿಗೆ ನ್ಯಾನೊಮೋಲ್ ಎಂದು ಬರೆದಿರುತ್ತಾರೆ. ಆ ಅಂಕಿಯನ್ನು 2.5ರಿಂದ ಭಾಗಿಸಬೇಕು. 11 ನ್ಯಾನೊಮೋಲ್ ಎಂದರೆ 4.4 ನ್ಯಾನೊಗ್ರಾಂ ಮಾತ್ರ. ಅದು ತೀವ್ರ ಕೊರತೆ.

ಕೊಡುವ ಕ್ರಮ ಹೀಗಿರಲಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು, ಎಂಟು ವಾರಗಳ ಆ ದಿನಗಳಿಗೆಲ್ಲ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಕೊಟ್ಟ ಕೂಡಲೇ ಹೊಡೆದುಹಾಕಿ. ಈ ಮಾತ್ರೆಯ ಸ್ಟ್ರಿಪ್ಪನ್ನು ದಿನದ ಮಾತ್ರೆಗಳ ಡಬ್ಬದಲ್ಲಿ ಇಡಲೇಬೇಡಿ. ಬೇರೆ ಕವರಿನಲ್ಲಿ ಹಾಕಿ, ಮೇಲೆ 'ವಾರಕ್ಕೊಮ್ಮೆ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನೋಡಿಕೊಳ್ಳುವವರು ಇಬ್ಬರು ಮೂವರಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕೊಡುವ ಬದಲು ದಿನದ ದೊಡ್ಡ ಊಟದ ಜೊತೆ ಕೊಡಿ. ಊಟದಲ್ಲಿ ಸ್ವಲ್ಪ ಜಿಡ್ಡಿನಂಶವಿದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಒಂದು ವಾರ ಮರೆತರೆ ನೆನಪಾದ ದಿನ ಒಂದನ್ನೇ ಕೊಡಿ, ಎರಡು ಸೇರಿಸಬೇಡಿ.

ಎಂಟು ವಾರ ಮುಗಿದ ಮೇಲೆ ಏನು? ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ಕೋರ್ಸ್ ಮುಗಿಯಿತು, ಮಾತ್ರೆ ನಿಂತಿತು, ಕೆಲವು ತಿಂಗಳಲ್ಲಿ ಅಂಕಿ ಮತ್ತೆ ಕೆಳಗಿಳಿಯಿತು. ಮೊದಲು ಕೊರತೆ ತಂದ ಕಾರಣಗಳು ಹಾಗೇ ಉಳಿದಿರುತ್ತವಲ್ಲ. 70 ದಾಟಿದವರಿಗೆ ದಿನಕ್ಕೆ 800 ಐಯು, ಅಂದರೆ 20 ಮೈಕ್ರೊಗ್ರಾಂ ಬೇಕು. ಮುಂದೆ ದಿನಾ ಎಷ್ಟು ಮುಂದುವರಿಸಬೇಕು ಎಂದು ಕೊನೆಯ ವಾರಕ್ಕೆ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಮರುಪರೀಕ್ಷೆ ಸುಮಾರು ಮೂರು ತಿಂಗಳಿಗೆ ಸಾಕು. ರಕ್ತದಲ್ಲಿ ಇದರ ಮಟ್ಟ ನಿಧಾನವಾಗಿ ಏರಿ ನಿಲ್ಲುತ್ತದೆ, ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿ ಹಿರಿಯರನ್ನು ನೋಯಿಸಿ ಫಲವಿಲ್ಲ.

ಪ್ರಶ್ನೆ: ಅಪ್ಪ ದಿನಾ ಬೆಳಗ್ಗೆ ಒಂದು ಗಂಟೆ ಕಿಟಕಿಯ ಪಕ್ಕ ಬಿಸಿಲಲ್ಲೇ ಕೂರುತ್ತಾರೆ. ಆದರೂ ವಿಟಮಿನ್ ಡಿ ಕಡಿಮೆ. ಏಕೆ?

ಉತ್ತರ: ಕಿಟಕಿಯ ಗಾಜು ಮುಚ್ಚಿದ್ದರೆ ಆ ಬಿಸಿಲಿನಿಂದ ವಿಟಮಿನ್ ಡಿ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಚರ್ಮದಲ್ಲಿ ಇದನ್ನು ತಯಾರಿಸುವುದು ಅತಿನೇರಳೆ ಬಿ ಕಿರಣ. ಬೆಳಕನ್ನೂ ಶಾಖವನ್ನೂ ಬಿಡುವ ಗಾಜು ಆ ಕಿರಣವನ್ನು ತಡೆಯುತ್ತದೆ. ಮುಂಜಾನೆಯ ಎಳೆಬಿಸಿಲು ಹಿತವೇನೋ ಹೌದು, ಆದರೆ ಅದರಲ್ಲಿ ಈ ಕಿರಣ ಬಹಳ ಕಡಿಮೆ. ಗುರುತಿಗೆ ನೆರಳನ್ನು ನೋಡಿ: ನೆರಳು ನಮ್ಮ ಎತ್ತರಕ್ಕಿಂತ ಉದ್ದವಿದ್ದರೆ ತಯಾರಿ ಅಲ್ಪ, ಗಿಡ್ಡವಿದ್ದರೆ ಚೆನ್ನಾಗಿ ನಡೆಯುತ್ತದೆ. ಜೊತೆಗೆ ವಯಸ್ಸಾದಂತೆ ಚರ್ಮದಲ್ಲಿರುವ ಮೂಲವಸ್ತುವೇ ತಗ್ಗುತ್ತದೆ, ಅಷ್ಟೇ ಬಿಸಿಲಿಗೆ ಎಳೆಯರ ಅರ್ಧದಷ್ಟೂ ತಯಾರಾಗದಿರಬಹುದು. ಚರ್ಮದ ಬಣ್ಣ ಗಾಢವಿದ್ದಷ್ಟೂ ಹೆಚ್ಚು ಹೊತ್ತು ಬೇಕು.

ಹಾಗೆಂದು ಅವರನ್ನು ನಡುಮಧ್ಯಾಹ್ನ ಬಿಸಿಲಿಗೆ ಕೂರಿಸಿಬಿಡಬೇಡಿ. ಹೊರಗೆ, ಮುಖಕ್ಕೆ ನೆರಳು ಮಾಡಿ, ಕೈಕಾಲು ತೆರೆದಿಟ್ಟು ಹತ್ತು ನಿಮಿಷದಿಂದ ಶುರುಮಾಡಿ, ಚರ್ಮ ಕೆಂಪಾಗುವ ಮೊದಲೇ ಒಳಗೆ ಕರೆದುಕೊಂಡು ಬನ್ನಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಗ ನೀರಡಿಕೆಯಾಗಿ ಎದ್ದಾಗ ತಲೆಸುತ್ತು ಬರಬಹುದು. ಹೃದಯಬಡಿತಕ್ಕೆ ಕೊಡುವ ಅಮಿಯೊಡರೋನ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್‌ನಂಥ ಔಷಧಿಗಳಿದ್ದರೆ ಚರ್ಮ ಸುಲಭವಾಗಿ ಸುಟ್ಟುಕೊಳ್ಳುತ್ತದೆ. ಇಷ್ಟೆಲ್ಲ ಇರುವ ಹಿರಿಯರಿಗೆ ಬಿಸಿಲನ್ನೇ ನಂಬುವುದಕ್ಕಿಂತ ದಿನದ ಸಣ್ಣ ಮಾತ್ರೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬಿಸಿಲಿಗೆ ಹೋಗುವ ನೆಪದಲ್ಲಿ ನಾಲ್ಕು ಹೆಜ್ಜೆ ನಡೆದರೆ ಅದು ಬೇರೆಯೇ ಲಾಭ, ಅದನ್ನು ಬಿಡಬೇಡಿ.

ಪ್ರಶ್ನೆ: ಹಾಸಿಗೆ ಹಿಡಿದ ಅಮ್ಮನನ್ನು ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಯಿಂದ ಹೊರಗೆ ಹೋಗುವುದೇ ಅಪರೂಪ. ಮೈಕೈ ನೋವು, ಸುಸ್ತು. ಅಮ್ಮನ ಮಾತ್ರೆಯನ್ನೇ ನಾನೂ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ, ಆದರೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹಗಲೆಲ್ಲ ಒಳಗಿದ್ದು, ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ದುಡಿಯುವವರಿಗೂ ಈ ಕೊರತೆ ಬರುತ್ತದೆ. ಮೂಳೆ ಮೆದುವಾಗುವ ಮಟ್ಟಕ್ಕೆ ಹೋದಾಗ ನೋವು ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಮಂದವಾಗಿ ಕೂತಿರುತ್ತದೆ. ಕೈ ಊರದೆ ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆ. ಇವಿದ್ದರೆ ತಪ್ಪದೆ ಪರೀಕ್ಷೆ ಮಾಡಿಸಿ. ಆದರೆ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ನಿದ್ದೆಗೇಡು, ಖಿನ್ನತೆ ಯಾವುದೂ ಕಾರಣವಿರಬಹುದು. ಎಲ್ಲವನ್ನೂ ವಿಟಮಿನ್ ಡಿ ತಲೆಗೆ ಕಟ್ಟಿದರೆ ನಿಜವಾದ ಕಾಯಿಲೆ ತಪ್ಪಿಸಿಕೊಳ್ಳುತ್ತದೆ. ಅಮ್ಮನನ್ನು ಒಬ್ಬರೇ ಎತ್ತಿ ಹೊರಳಿಸುವುದರಿಂದಲೂ ಸೊಂಟ ನೋಯುತ್ತದೆ. ಅದಕ್ಕೆ ಮಾತ್ರೆಯಲ್ಲ, ಹೊರಳಿಸುವ ಹಾಸುಬಟ್ಟೆ ಮತ್ತು ಇನ್ನೊಂದು ಜೊತೆ ಕೈ ಬೇಕು. ಅಮ್ಮನ ಪರೀಕ್ಷೆಗೆ ಹೋದ ದಿನ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ, ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ನುಂಗಲು ಆಗದವರಿಗೆ ಹನಿ ಔಷಧಿ ಕೊಡುವಾಗ ಏನು ಗಮನಿಸಬೇಕು?

ಉತ್ತರ: ಬಾಟಲಿಯ ಮೇಲೆ 'ಒಂದು ಹನಿಗೆ ಇಷ್ಟು' ಎಂದಿದೆಯೋ 'ಒಂದು ಮಿಲಿಗೆ ಇಷ್ಟು' ಎಂದಿದೆಯೋ ನೋಡಿ. ಕಂಪನಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಹಳೆಯ ಬಾಟಲಿಯ ಡ್ರಾಪರ್ ಹೊಸದಕ್ಕೆ ಹಾಕಬೇಡಿ. ಒಂದು ತುತ್ತು ಮೆತ್ತನೆಯ ಆಹಾರಕ್ಕೆ ಬೆರೆಸಿ, ಆ ತುತ್ತನ್ನು ಮೊದಲು ತಿನ್ನಿಸಿ. ಇಡೀ ತಟ್ಟೆಗೆ ಬೆರೆಸಿದರೆ ಅವರು ಅರ್ಧ ಬಿಟ್ಟಾಗ ಔಷಧಿಯೂ ಅರ್ಧ ಉಳಿಯುತ್ತದೆ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರೆ ಎಣ್ಣೆಯ ಹನಿ ಕೊಳವೆಗೆ ಅಂಟಿಕೊಳ್ಳುತ್ತದೆ. ಯಾವ ರೂಪದ ಔಷಧಿ ಒಳ್ಳೆಯದೆಂದು ಔಷಧ ತಜ್ಞರನ್ನು ಕೇಳಿ.

ಪ್ರಶ್ನೆ: ವರ್ಷಕ್ಕೊಮ್ಮೆ ದೊಡ್ಡ ಡೋಸ್ ಕೊಟ್ಟುಬಿಟ್ಟರೆ ದಿನದ ರಗಳೆ ಇರುವುದಿಲ್ಲ, ಬೀಳುವುದೂ ತಪ್ಪುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು, ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ವರ್ಷಕ್ಕೊಮ್ಮೆ 5 ಲಕ್ಷ ಐಯು ನುಂಗಿದವರು ಬಿದ್ದದ್ದು ಶೇ. 15ರಷ್ಟು ಹೆಚ್ಚು, ಮೂಳೆ ಮುರಿದದ್ದು ಶೇ. 26ರಷ್ಟು ಹೆಚ್ಚು. ಡೋಸ್ ಕೊಟ್ಟ ಮೊದಲ ಮೂರು ತಿಂಗಳಲ್ಲೇ ಬೀಳುವುದು ಜಾಸ್ತಿಯಾಗಿತ್ತು. ಕೊರತೆ ಇಲ್ಲದವರಿಗೆ ಹೆಚ್ಚುವರಿ ವಿಟಮಿನ್ ಡಿ ಕೊಟ್ಟು ಬೀಳುವುದನ್ನು ತಡೆಯಲಾಗದು. ತೊಡೆಯ ಬಲ ಹೆಚ್ಚಿಸುವ ವ್ಯಾಯಾಮ, ರಾತ್ರಿ ಶೌಚಾಲಯದ ದಾರಿಗೆ ದೀಪ, ಸರಿಯಾದ ಕನ್ನಡಕ, ನಿದ್ದೆಮಾತ್ರೆಯ ಮರುಪರಿಶೀಲನೆ ಇವು ತಡೆಯುತ್ತವೆ.

ಪ್ರಶ್ನೆ: ಕಿಡ್ನಿ ತೊಂದರೆ ಇರುವವರಿಗೆ ಬೇರೆ ಮಾತ್ರೆ ಕೊಡುತ್ತಾರಂತೆ?

ಉತ್ತರ: ಹೌದು. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ಕೊನೆಯ ಹಂತದಲ್ಲಿ ಬದಲಾಗುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಅದು ಸೋತಾಗ ಕೆಲವರಿಗೆ ಬದಲಾದ ರೂಪವನ್ನೇ, ಕ್ಯಾಲ್ಸಿಟ್ರಯಾಲ್‌ನಂಥದ್ದನ್ನು, ಕೊಡಬೇಕಾಗುತ್ತದೆ. ಅದು ಬಹಳ ಚುರುಕು. ಕ್ಯಾಲ್ಸಿಯಂ ಮಟ್ಟ ನೋಡುತ್ತಾ ಕೊಡುವ ಔಷಧಿ. ಕಿಡ್ನಿ ಕಲ್ಲು, ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮೊದಲಾದ ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ), ಕ್ಯಾಲ್ಸಿಯಂ ಮಟ್ಟ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಇರುವವರು, ಹೃದಯದ ಔಷಧಿ ಡಿಗಾಕ್ಸಿನ್ ತೆಗೆದುಕೊಳ್ಳುವವರು ದೊಡ್ಡ ಡೋಸ್ ಶುರುಮಾಡುವ ಮೊದಲೇ ಅದನ್ನು ವೈದ್ಯರಿಗೆ ಹೇಳಬೇಕು. ಮೂಳೆ ಸವೆತಕ್ಕೆ ಜೊಲೆಡ್ರೋನಿಕ್ ಆಮ್ಲ ಅಥವಾ ಡೆನೊಸುಮ್ಯಾಬ್ ಇಂಜೆಕ್ಷನ್ ಗೊತ್ತಾಗಿದ್ದರೆ ಅದಕ್ಕೆ ಮೊದಲೇ ವಿಟಮಿನ್ ಡಿ ಸರಿಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಇಂಜೆಕ್ಷನ್ ಆದ ಕೆಲವು ದಿನಗಳಲ್ಲಿ ಕ್ಯಾಲ್ಸಿಯಂ ಕುಸಿಯಬಹುದು. ತುಟಿಯ ಸುತ್ತ ಜುಮ್ಮೆನ್ನುವುದು, ಕೈಬೆರಳು ಸೆಟೆದುಕೊಳ್ಳುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.