ಪಟಪಟನೆ ಓದುತ್ತಾಳೆ, ಓದಿದ್ದನ್ನು ಹೇಳುವುದಿಲ್ಲ

ನಾಲ್ಕನೇ ತರಗತಿಯ ಮಗಳು ಪಾಠವನ್ನು ಪಟಪಟನೆ ಓದುತ್ತಾಳೆ, ಏನು ಓದಿದೆ ಎಂದು ಕೇಳಿದರೆ ಸುಮ್ಮನಾಗುತ್ತಾಳೆ ಇಲ್ಲವೇ ಪುಸ್ತಕದ ಸಾಲನ್ನೇ ಒಪ್ಪಿಸುತ್ತಾಳೆ ಎಂದು ಬರೆದಿದ್ದೀರಿ. ಅವಳು ತಾನಾಗಿ ಪುಸ್ತಕ ಹಿಡಿಯುವಂತೆ ಮಾಡುವುದು ಹೇಗೆ, ದಿನಕ್ಕೆ ಎಷ್ಟು ಹೊತ್ತು ಓದಿಸಬೇಕು ಎಂದೂ ಕೇಳಿದ್ದೀರಿ. ನಾನು ಚಿತ್ರದುರ್ಗದ ಪಕ್ಕದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ 14 ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಇಂಥ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಅವರು ದಡ್ಡರಲ್ಲ. ಓದು ಎಂದರೆ ತಪ್ಪಿಲ್ಲದೆ ಗಟ್ಟಿಯಾಗಿ ಉಚ್ಚರಿಸುವುದು ಎಂದು ನಾವೇ ಅವರಿಗೆ ಕಲಿಸಿರುತ್ತೇವೆ.

ಒಮ್ಮೆ ಐದನೇ ತರಗತಿಯ ಹುಡುಗನೊಬ್ಬ ಓಬವ್ವನ ಕಥೆಯನ್ನು ಒಂದಕ್ಷರವೂ ಎಡವದೆ ಓದಿದ. “ಒನಕೆ ಎಂದರೇನಪ್ಪಾ?” ಎಂದೆ. “ಒಂದು ಥರದ ಕತ್ತಿ ಟೀಚರ್” ಎಂದ. ಕೋಟೆಯ ಬುಡದಲ್ಲೇ ಬೆಳೆದ ಹುಡುಗ! ಆದರೆ ಅವನ ಮನೆಯಲ್ಲಿರುವುದು ಮಿಕ್ಸಿ, ಅವನೆಲ್ಲಿ ಒನಕೆ ನೋಡಬೇಕು? ಮರುದಿನ ಬಿಸಿಯೂಟದ ಅಕ್ಕನ ಮನೆಯಿಂದ ಹಳೆಯ ಒನಕೆಯೊಂದನ್ನು ತರಿಸಿದೆ. ಅವನು ಎರಡೂ ಕೈಯಲ್ಲಿ ಎತ್ತಿ ನೋಡಿದ, ತುದಿಯ ಕಬ್ಬಿಣದ ಬಳೆಯನ್ನು ಸವರಿದ. ಆಮೇಲೆ ಕೇಳಿದ: “ಇಷ್ಟು ಭಾರದ್ದನ್ನು ಎತ್ತುವಷ್ಟರಲ್ಲಿ ಸೈನಿಕರು ಅವಳನ್ನು ಹಿಡಿಯಲಿಲ್ಲವೇ?”

ಪಾಠದ ಕೊನೆಯ ಅಭ್ಯಾಸದಲ್ಲಿ ಈ ಪ್ರಶ್ನೆ ಇರಲಿಲ್ಲ. ನಾನು ಉತ್ತರ ಹೇಳದೆ “ಇನ್ನೊಮ್ಮೆ ಓದಿ ನೋಡು” ಎಂದೆ. ಈ ಸಲ ಅವನು ಸಾಲಿನ ಮೇಲೆ ಬೆರಳಿಟ್ಟು, ತುಟಿ ಮಾತ್ರ ಅಲುಗಿಸುತ್ತಾ ನಿಧಾನವಾಗಿ ಓದಿದ. ‘ಒಬ್ಬೊಬ್ಬರಾಗಿ’ ಎಂಬ ಪದದ ಮೇಲೆ ಬೆರಳು ನಿಂತಿತು. ಮುಂದಿನ ತಿಂಗಳು ಮಕ್ಕಳನ್ನು ಕೋಟೆಗೆ ಕರೆದೊಯ್ದಾಗ ಅವನು ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳಿ ಈಚೆ ಬಂದು ಹೇಳಿದ: “ಇಲ್ಲಿ ತಲೆ ಎತ್ತಿಕೊಂಡು ಬರಲಾಗುವುದಿಲ್ಲ ಟೀಚರ್. ಬರುವವನಿಗೆ ಒನಕೆ ಕಾಣಿಸುವುದೇ ಇಲ್ಲ!”

ಹಾಗಾಗಿ ನನ್ನ ಮೊದಲ ಮಾತು ಇದು: ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಮಗಳಿಗೆ ಕೇಳಬೇಡಿ. ಅದು ಪರೀಕ್ಷೆ ಎಂದು ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. “ಆ ಅಜ್ಜಿ ಯಾಕೆ ಸುಳ್ಳು ಹೇಳಿದಳೋ ನನಗೆ ತಿಳಿಯಲಿಲ್ಲ, ನಿನಗೇನನ್ನಿಸಿತು?” ಎಂದು ನಿಜವಾದ ಅನುಮಾನವನ್ನೇ ಮುಂದಿಟ್ಟು ಕಾಯಿರಿ. ಕೆಲವು ದಿನ “ಗೊತ್ತಿಲ್ಲ” ಎನ್ನುತ್ತಾಳೆ. ಅವಳ ಪರವಾಗಿ ನೀವೇ ಉತ್ತರ ಹೇಳಿಬಿಡಬೇಡಿ. ಅವಳು ಏನನ್ನಾದರೂ ಹೇಳಿದಾಗ “ಅದು ಕಥೆಯಲ್ಲಿ ಎಲ್ಲಿ ಗೊತ್ತಾಯಿತು?” ಎಂದು ಕೇಳಿದರೆ ಪುಟ ತಿರುಗಿಸಿ ಹುಡುಕುತ್ತಾಳೆ.

ಇದಕ್ಕೂ ಮುಂಚೆ, ಅವಳು ಎಂದೂ ನೋಡಿರದ ಪುಟವೊಂದನ್ನು ಓದಿಸಿ ನೋಡಿ. ಶಾಲೆಯ ಪಾಠ ಕೇಳಿ ಕೇಳಿ ಬಾಯಿಪಾಠವಾಗಿರುತ್ತದೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದಲ್ಲಿ ಮಗು ಗುರುತಿಸಬೇಕಾದ ರೂಪಗಳು ನೂರಾರು, ನಾಲ್ಕನೇ ತರಗತಿಯಲ್ಲೂ ಆ ಕಲಿಕೆ ಮುಗಿದಿರುವುದಿಲ್ಲ. ‘ಸ್ವಾತಂತ್ರ್ಯ’, ‘ರಾಷ್ಟ್ರ’ದಂಥ ಪದಗಳಲ್ಲೇ ಅವಳು ತಡವರಿಸಿದರೆ ಗಮನವೆಲ್ಲ ಅಕ್ಷರಕ್ಕೇ ಹೋಗಿ ಅರ್ಥ ಕೈತಪ್ಪುತ್ತದೆ. ಆಗ ಸುಲಭದ ಪುಸ್ತಕಕ್ಕೆ ಇಳಿಯುವುದರಲ್ಲಿ ಅವಮಾನವೇನಿಲ್ಲ.

ಪುಸ್ತಕವನ್ನು ಅವಳೇ ಆರಿಸಲಿ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದಗಳಿದ್ದರೆ ಅದನ್ನು ನೀವು ಓದಿ ಹೇಳಿ, ಕಡಿಮೆ ಇದ್ದರೆ ಅವಳಿಗೇ ಬಿಡಿ. ಓದಿದ್ದನ್ನೇ ನಾಲ್ಕು ಸಲ ಓದಿದರೂ ತಡೆಯಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಣವಿಲ್ಲದೆ ಸಿಗುತ್ತವೆ, ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ. ಮೊಬೈಲ್‌ನಲ್ಲಿ ಓದಿಸುವುದಾದರೆ ಪಕ್ಕದಲ್ಲೇ ಕೂರಿ.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಹೊತ್ತು ತಪ್ಪಬಾರದು. ರಾತ್ರಿ ಊಟವಾದ ಮೇಲೆ ಒಂದು ಪುಟ ನೀವು ಗಟ್ಟಿಯಾಗಿ ಓದಿ, ಮುಂದಿನದನ್ನು ಅವಳು ಮನಸ್ಸಿನಲ್ಲೇ ಓದಿಕೊಳ್ಳಲಿ. ನಡುವೆ ಅವಳು ನಿಲ್ಲಿಸಿ ಏನಾದರೂ ಕೇಳಿದರೆ, ಆ ದಿನ ಅಲ್ಲಿಂದ ಮುಂದೆ ಹೋಗದಿದ್ದರೂ ಚಿಂತೆಯಿಲ್ಲ.